ಬಿರಡೆಯ ಲೆಕ್ಕ

ಯಶವಂತ ಬಾನಾವಳಿಕರನಿಗೆ ಅದು ಹೊಳೆದದ್ದು
ಒಂದು ಮಧ್ಯಾಹ್ನ, ಬೈತಖೋಲದ ಧಕ್ಕೆಯಲ್ಲಿ,
ಕರಗಿದ ಐಸಿನ ನೀರಲ್ಲಿ ಬಂಗಡೆ
ಕಣ್ಣು ಬೆಳ್ಳಗೆ ಮಾಡಿಕೊಂಡು ತೇಲುವುದ ಕಂಡು.
ಹೊಳೆಯಲು ಹಿಡಿದದ್ದು ಒಂದು ಬೀಡಿಯ ಹೊತ್ತು.
ಉಳಿದ ಹನ್ನೊಂದು ವರ್ಷ
ನನ್ನ ಪುಸ್ತಕದಲ್ಲಿದೆ.

ಎರಡು ಫೈಬರ್ ಹಾಳೆ, ನಡುವೆ ಒತ್ತಿದ ತೆಂಗಿನ ನಾರಿನ ಹುಡಿ,
ತಳಕ್ಕೆ ಚೂರು ವಾಟ, ವಾಟದ ತುದಿಗೊಂದು ತೂತು.
ನೀರು ಹೊರಗೆ, ತಂಪು ಒಳಗೆ.
"ಮೀನು ಕೆಡೂದು ಬಿಸಿಲಿಗಲ್ಲ, ಐಸಿನದೇ ನೀರಿಗೆ" ಅಂದ.
ಮೂರು ದಿನ ಐಸು ಉಳಿಯಿತು.
ಪೇಪರಿನವರು ಬಂದರು; ಪಟದಲ್ಲಿ
ಪೆಟ್ಟಿಗೆಗಿಂತ ಅಗಲವಾಗಿ ನಕ್ಕ.
ಸೊಸೈಟಿಯ ಕೆಲಸ ಬಿಟ್ಟು ನಾನು ಲೆಕ್ಕಕ್ಕೆ ಸೇರಿದ್ದು ಆ ವಾರ.
ಬರೆದ ಮೊದಲ ಸಾಲು ಇನ್ನೂ ನೆನಪಿದೆ:
ತಯಾರು ನಲವತ್ತು. ಮಾರಾಟ ಸೊನ್ನೆ.

ಬುದವಂತಿ ಪೆಟ್ಟಿಗೆಗೊಂದು ಸುತ್ತು ಬಂದಳು,
ಕೊಳ್ಳುವ ಎಮ್ಮೆಯನ್ನು ನೋಡುವ ಹಾಗೆ.
"ಚಂದ ಅದೆ ತಮಾ. ಎತ್ತೂದ್ಯಾರು?
ಯಲ್ಲಾಪುರ ಬಸ್ಸಿನ ಕಂಡಕ್ಟರು ನಿನ್ನ ಮಾವನಾ?"
ಅವನು ಉಷ್ಣಾಂಶದ ಮಾತಾಡಿದ.
ಅವಳು ಸೊಂಟದ ಮಾತಾಡಿದಳು.
ಎರಡನ್ನೂ ಬರೆದುಕೊಂಡೆ.
ಚಳಿಗಾಲದ ಹೊತ್ತಿಗೆ ಪೆಟ್ಟಿಗೆ ಅರ್ಧವಾಯಿತು,
ಹಿಡಿಕೆ ಎರಡಾಯಿತು,
ಸೀಟಿನ ಅಡಿಗೆ ಸರಿಯಾಗಿ ತೂರಿತು.

ಆದರೂ ದುಡ್ಡು? ಸಾವಿರದೆಂಟುನೂರು
ಒಮ್ಮೆಗೇ ಯಾರ ಸೆರಗಿನ ಗಂಟಲ್ಲಿರುತ್ತದೆ?
ದಿನಕ್ಕೆ ಎಂಟು ರೂಪಾಯಿ ಬಾಡಿಗೆ, ಅಂದೆ.
ಯಶವಂತ ಎರಡು ದಿನ ಮಾತು ಬಿಟ್ಟ,
ತಾನು ಕಂಡುಹಿಡಿದದ್ದನ್ನು
ಸೈಕಲ್ಲಿನ ಹಾಗೆ ಬಾಡಿಗೆಗೆ ಬಿಡುವುದೆ!
ಮೂರನೇ ದಿನ ಕೇಳಿದ:
"ಬೋಟು ಬಂದ್ ಇರೂ ಜೂನು, ಜುಲೈ?"
ಬೋಟು ಬಂದಾದರೆ ಬಾಡಿಗೆಯೂ ಬಂದ್.
ಆಗ ಬಿಜಾಗರಿ ಸಡಿಲಿಸಿಕೊಂಡು, ಮೂಲೆ ಒಡೆದುಕೊಂಡು
ಪೆಟ್ಟಿಗೆಗಳು ವಾಪಸು ಬರುತ್ತವೆ.
ತಿಕ್ಕಿ ತೊಳೆದು ಸಾಲಾಗಿ ಕವುಚಿ ಹಾಕುತ್ತೇವೆ.

ಇನ್ನು ಬಿರಡೆ.
ತೂತಿಗೊಂದು ರಬ್ಬರ್ ಬಿರಡೆ, ಹೆಬ್ಬೆರಳಿನಷ್ಟು. ಕಳೆಯುತ್ತದೆ.
ಅರಬೈಲ್ ಘಟ್ಟದ ಪ್ರತಿ ತಿರುವಿನಲ್ಲೂ
ನಮ್ಮದೊಂದು ಬಿದ್ದಿರಬೇಕು.
ದಾರ ಕಟ್ಟೋಣ ಅಂದ. ಸರಪಳಿ ಅಂದ.
ಬೇಡವೆಂದೆ. ಬಿರಡೆ ಪುಕ್ಕಟೆ,
ಆದರೆ ಅಂಗಡಿಗೇ ಬಂದು ಒಯ್ಯಬೇಕು.
ಬಂದವರು ಬರೇ ಬಿರಡೆ ಒಯ್ಯುತ್ತಾರೆಯೇ?
"ಮುಚ್ಚಳ ಬೆರಳು ಕಚ್ತದೆ."
"ಶೆಟ್ಲಿ ಮೀಸೆ ತೂತಲ್ಲಿ ಸಿಕ್ಕಾಕ್ತದೆ."
"ಎಲ್ಲರದ್ದೂ ಬಿಳಿ, ಇಳಿಯೂವಾಗ ಬಸ್ಸಲ್ಲಿ ದಿನಾ ಜಗಳ."
ಬರೆದೆ. ತಾರೀಖು ಹಾಕಿ, ಹೆಸರು ಹಾಕಿ.
ಮರುವರ್ಷ ತೂತಿಗೆ ಜಾಲರಿ ಬಂತು,
ಪೆಟ್ಟಿಗೆಗೆ ಏಳು ಬಣ್ಣ ಬಂತು.
ಮುಚ್ಚಳ ಮಾತ್ರ ಇನ್ನೂ ಕಚ್ಚುತ್ತದೆ.

ಆರನೇ ವರ್ಷ ಹೊರಗಿನ ದೊಡ್ಡ ಕಂಪನಿ
ನಮ್ಮ ವಾಟ ನಮ್ಮ ತೂತು ಸಮೇತ ಎರಕ ಹೊಯ್ದು
ಅರ್ಧ ಬೆಲೆಗೆ ಲಾರಿಯಲ್ಲಿ ತಂದು ಸುರಿಯಿತು.
ಯಶವಂತ ವಕೀಲರ ಹುಡುಕಿ ಹೋದ.
ನಾನು ಬಾಡಿಗೆಯ ಪುಟ ತಿರುವಿದೆ:
ನೂರಾ ಹನ್ನೆರಡರಲ್ಲಿ ಎಂಬತ್ತೊಂದು ಹೋದವು.
ಆ ಮಳೆಗಾಲ ಸಂಬಳ ಅರ್ಧ.
ಸುಳ್ಳೇಕೆ, ಸೊಸೈಟಿಗೆ ಮತ್ತೆ ಅರ್ಜಿ ಬರೆದು
ಡ್ರಾವರಿನಲ್ಲಿ ಇಟ್ಟುಕೊಂಡಿದ್ದೆ.

ದಸರೆಯ ಹೊತ್ತಿಗೆ ಬುದವಂತಿ ಬಂದಳು,
ಕಂಕುಳಲ್ಲಿ ಆ ಕಂಪನಿಯ ಪೆಟ್ಟಿಗೆ,
ತೂತಿಗೆ ಹಳೇ ಸೀರೆಯ ಚಿಂದಿ ತುರುಕಿ.
"ಇದಕ್ಕೊಂದ್ ಬಿರಡೆ ಕೊಡೆ, ತಂಗೀ."
ಯಶವಂತ ಕಿಟಕಿಯಾಚೆ ನೋಡಿದ,
ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.
ಕೊಟ್ಟೆ. ತಾರೀಖು ಹಾಕಿದೆ, ಹೆಸರು ಹಾಕಿದೆ.
ದೂರಿನ ಕಲಮಿನಲ್ಲಿ ಬರೆದೆ: ಪೆಟ್ಟಿಗೆ ಬೇರೆಯವರದು.
ಮುಂದಿನ ವಾರ ಹದಿನಾಲ್ಕು ಜನ ಬಂದರು.

ಈಗ ದಿನಾ ನಾನೂರ ಅರವತ್ತು ಪೆಟ್ಟಿಗೆ ಘಟ್ಟ ಹತ್ತುತ್ತವೆ.
ಅರ್ಜಿ ಹಳದಿಯಾಗಿ ಡ್ರಾವರಿನಲ್ಲೇ ಇದೆ.
ನಿನ್ನೆ ಯಶವಂತ ಓಡಿ ಬಂದ, ಚಪ್ಪಲಿ ಮರೆತು:
ಬಿಸಿಲಿನಿಂದಲೇ ಐಸು ಮಾಡುವ ಯಂತ್ರ!
ಚಂದ ಅದೆ, ಅಂದೆ.
ಹೊಸ ಪುಸ್ತಕ ತೆಗೆದು, ರೂಲು ಎಳೆದು,
ಅವನು ಇನ್ನೂ ಮಾತಾಡುತ್ತಿದ್ದಾಗಲೇ
ಮೊದಲ ಸಾಲಿನಲ್ಲಿ ಬರೆದೆ:
ಎತ್ತೂದ್ಯಾರು?